ಮೊಂಡಿಯ ರಕ್ತದಲ್ಲಿ ಇದ್ದದ್ದು

ಮಾರ್ಚ್ ೧೪, ಶುಕ್ರವಾರ ಮಧ್ಯಾಹ್ನ

ನನ್ನ ಮುದ್ದು ಪುಟ್ಟಿ,

ಮೊದಲು ಒಂದು ಸುಳ್ಳು ಒಪ್ಪಿಕೊಳ್ಳುತ್ತೇನೆ, ಬೈಯಬೇಡ. ಮೂರು ತಿಂಗಳಿಂದ ಫೋನಿನಲ್ಲಿ ಕೆಲಸ ಚೆನ್ನಾಗಿದೆ ಎನ್ನುತ್ತಿದ್ದೆನಲ್ಲ, ಆಗೆಲ್ಲ ನಾನು ಪ್ರಯೋಗಾಲಯದ ಬಟ್ಟೆ ಒಗೆಯುವ ಕೋಣೆಯಲ್ಲಿದ್ದೆ. ಕೋತಿಗಳ ಹತ್ತಿರ ಸುಳಿಯಕೂಡದೆಂದು ದೊಡ್ಡ ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಇಪ್ಪತ್ತೆರಡು ವರ್ಷ ಸೂಜಿ ಹಿಡಿದ ಕೈಗೆ ಸೋಪಿನ ಪುಡಿ.

ಆದದ್ದು ಇಷ್ಟು. ಹೊಸ ಲಸಿಕೆಯ ಪರೀಕ್ಷೆಗೆ ಎಂಟು ಕೋತಿಗಳು. ನಾಲ್ಕಕ್ಕೆ ಲಸಿಕೆ, ನಾಲ್ಕಕ್ಕೆ ಬರೀ ಉಪ್ಪುನೀರು. ಎಲ್ಲಕ್ಕೂ ಚುಚ್ಚಿದವಳು ನಾನೇ. ಆಮೇಲೆ ಎಂಟಕ್ಕೂ ವೈರಸ್ ಕೊಟ್ಟರು. ಲಸಿಕೆಯ ನಾಲ್ಕಕ್ಕೂ ಏನೂ ಆಗಲಿಲ್ಲ. ಉಪ್ಪುನೀರಿನವುಗಳಲ್ಲಿ ಮೂರು ಜ್ವರ ಬಂದು ಮುದುಡಿಕೊಂಡವು, ಈಗ ಚೇತರಿಸಿಕೊಂಡಿವೆ. ನಾಲ್ಕನೆಯದು ನಮ್ಮ ಮೊಂಡಿ. ಅವಳಿಗೆ ಒಂದು ಸೀನೂ ಬರಲಿಲ್ಲ, ನೀರಿನ ಬಟ್ಟಲನ್ನು ತಲೆಗೆ ಕವುಚಿಕೊಂಡು ಕೂತಿದ್ದಳು. ನಾನೇ ಪಂಜರ ತಪ್ಪಿ ಅವಳಿಗೂ ಲಸಿಕೆ ಚುಚ್ಚಿದ್ದೇನೆಂದು ಡಾಕ್ಟರು ಸಾಧಿಸಿದರು. ಈ ತಿಂಗಳ ಕೊನೆಗೆ ನನ್ನನ್ನು ಕೆಲಸದಿಂದಲೇ ತೆಗೆಯುವವರಿದ್ದರು.

ಜೀನ್ ವಿಭಾಗಕ್ಕೆ ಹೊಸದಾಗಿ ಒಬ್ಬಳು ಬಂದಿದ್ದಾಳೆ, ನಿನ್ನಷ್ಟೇ ವಯಸ್ಸು, ನಿನ್ನಷ್ಟೇ ತಲೆಹರಟೆ. ಯಾರೂ ಹೇಳದಿದ್ದರೂ ಫ್ರೀಜರಿನಲ್ಲಿದ್ದ ಮೊಂಡಿಯ ಹಳೆಯ ರಕ್ತ ತೆಗೆದು ನೋಡಿದಳಂತೆ. ವೈರಸ್ ಕೊಡುವ ಹಿಂದಿನ ದಿನದ ರಕ್ತದಲ್ಲಿ ಲಸಿಕೆಯ ಸುಳಿವೇ ಇಲ್ಲ. ಆದರೆ ರೋಗ ತಡೆಯುವ ಜೀನ್ ಒಂದು ಬೇರೆಯೇ ತರಹ ಇದೆ. ಒಂದೇ ಹಿಂಡಿನ ಕೋತಿಗಳಲ್ಲೂ ಅದು ಬಗೆಬಗೆಯಾಗಿರುತ್ತದಂತೆ; ಮೊಂಡಿಗಿರುವ ಬಗೆಯಿದ್ದರೆ ಮೈ ತಾನಾಗಿಯೇ ಈ ವೈರಸನ್ನು ಹತ್ತಿಕ್ಕುತ್ತದಂತೆ.

ಇವತ್ತು ಬೆಳಿಗ್ಗೆ ಡಾಕ್ಟರು ತಾವೇ ಬಟ್ಟೆ ಕೋಣೆಗೆ ಬಂದರು. ಎಲ್ಲರ ಮುಂದೆ, ಅಕ್ಕಾ, ತಪ್ಪು ನಮ್ದು, ಗುಂಪು ಮಾಡೋಕೆ ಮುಂಚೆ ಜೀನ್ ನೋಡ್ಬೇಕಿತ್ತು, ನೋಡ್ಲಿಲ್ಲ, ಅಂದರು. ಗಂಭೀರವಾಗಿ ನಿಲ್ಲಬೇಕೆಂದುಕೊಂಡೆ, ಆಗಲಿಲ್ಲ. ಒದ್ದೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆ, ಅತ್ತೆ. ಓಡಿಹೋಗಿ ಮೊಂಡಿಯ ಮುಂದೆ ನಿಂತರೆ, ಕಳ್ಳಿ, ಬೆನ್ನು ತಿರುಗಿಸಿ ಕೂತಳು. ಮೂರು ತಿಂಗಳು ಮುಖ ತೋರಿಸಲಿಲ್ಲವೆಂಬ ಕೋಪ. ಅರ್ಧ ಗಂಟೆ ಓಲೈಸಿದ ಮೇಲೆ ಬೆನ್ನು ತುರಿಸಲು ಬಿಟ್ಟಳು. ನನಗಾದ ಖುಷಿಯನ್ನು ಹೇಗೆ ಹೇಳಲಿ. ಸೋಮವಾರದಿಂದ ಮತ್ತೆ ಅಲ್ಲೇ ಕೆಲಸ.

ನಿನ್ನ
ಸುಳ್ಳುಬುರುಕಿ ಅಮ್ಮ

ಹೇಳಬೇಕೋ ಬೇಡವೋ ಎಂದು ಬಿಟ್ಟಿದ್ದ ಮಾತು: ಈ ಹಾಳೆ ತಿರುಗಿಸಿ ನೋಡು. ಅಲ್ಲಿರುವುದು ತಪ್ಪೊಪ್ಪಿಗೆ, ಸಹಿ ನನ್ನದೇ. ಕಣ್ಣು ಮಂಜಾಗಿ ಪಂಜರ ತಪ್ಪಿದೆ ಎಂದು ಬರೆದುಕೊಟ್ಟಿದ್ದೆ. ಎಲ್ಲರೂ ಹೇಳಿ ಹೇಳಿ ನಾನೂ ನಂಬಿಬಿಟ್ಟಿದ್ದೆ ಪುಟ್ಟಿ. ಹರಿದುಹಾಕಿ ಎಂದು ಡಾಕ್ಟರು ವಾಪಸು ಕೊಟ್ಟರು, ನನ್ನ ಕೈಯಲ್ಲಾಗಲಿಲ್ಲ. ನೀನೇ ಹರಿ. ಈ ಬದಿಯ ಪತ್ರವೂ ಹರಿಯುತ್ತದೆ, ಹರಿಯಲಿ. ಇದನ್ನು ಬೇಕಾದರೆ ನೂರು ಸಲ ಬರೆಯುತ್ತೇನೆ.