ಹಿಂದೆ ಯಾರೂ ಇಲ್ಲ ಎಂದ ಮುಷ್ಟಿ

ಗಾಳಿ ತಿರುಗಿದ ಮೇಲಿನ ಇನ್ನೂರ ಹನ್ನೊಂದನೆಯ ವರ್ಷ, ಎರಡನೆಯ ವೈಶಾಖ, ಮಂಗಳವಾರ

ಮೋಟಾರ್ ಸೈಕಲ್ ಹತ್ತಿ ಗುಡ್ಡದ ಕಾಡಿಗೆ ಬರುವ ಹಿಂದಿನ ಕಾಲದವರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನಮ್ಮಲ್ಲಿ ವೈಶಾಖ ಪ್ರತಿವರ್ಷವೂ ಎರಡು ಸಲ ಬರುತ್ತದೆ. ಆ ಬಿಸಿಲು ಒಂದು ತಿಂಗಳಿಗೆ ಮುಗಿಯದ ಕಾರಣ ಹಿರಿಯರು ಹಾಗೆ ಗೊತ್ತುಮಾಡಿದರು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮೆಯಿರಲಿ. ಈ ಪತ್ರ ನಿಮ್ಮ ಕೈಸೇರುವ ದಾರಿ ಯಾವುದೆಂದು ಕೇಳಬೇಡಿ. ಅದನ್ನು ಹೇಳುವಷ್ಟು ನಂಬಿಕೆ ನಿಮ್ಮ ಮೇಲೆ ನನಗಿಲ್ಲ. ನಮ್ಮ ಗುಡ್ಡದ ಹೆಸರನ್ನೂ ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರವೇ ಗಾಡಿ ತೆಗೆದುಕೊಂಡು ಬಂದುಬಿಡುತ್ತೀರಿ ಎಂಬ ಗುಮಾನಿ ನನ್ನದು. ಗುಮಾನಿಗೆ ಕಾರಣವಿದೆ. ಮೂಡಲ ಇಳಿಜಾರಿನಲ್ಲಿ ನಿಮ್ಮವರು ಯಾರೋ ಮೋಜಿಗಾಗಿ ಬುಡದಿಂದ ನೆತ್ತಿಗೆ ನೇರವಾಗಿ ಗಾಡಿ ಹತ್ತಿಸಿದ್ದರು. ಆ ಗೀರಿನಲ್ಲಿ ಮಳೆನೀರು ಇಳಿದು ಇಳಿದು ಈಗ ಅದು ಮನೆ ಹಿಡಿಯುವಷ್ಟು ಅಗಲದ ಕೊರಕಲು. ಅದರ ಎರಡು ಕಡೆಯೂ ಇಂದಿಗೂ ಒಂದು ಹುಲ್ಲುಕಡ್ಡಿ ಹುಟ್ಟುವುದಿಲ್ಲ.

ನನ್ನ ಹೆಸರು ಸುಂಕಮ್ಮ. ನಾನು ಜಾಡುಗಾತಿ. ಅಂದರೆ ಗುಡ್ಡದ ಜಾಡುಗಳನ್ನು ಕಾಯ್ದು ರಿಪೇರಿ ಮಾಡುವವಳು. ನಮ್ಮ ಗುಡ್ಡದ ಸುತ್ತಲೂ ಮರಳು; ಕಣ್ಣು ಹಾಯುವವರೆಗೆ ಬೇರೇನಿಲ್ಲ. ಬುಡದಲ್ಲಿ ಜಾಲಿ, ಕಳ್ಳಿ. ಮೇಲೇರಿದಂತೆ ಕಮರ, ದಿಂಡಿಗ, ಕಕ್ಕೆ ಮರಗಳು. ನೆತ್ತಿಯಲ್ಲಿ ಬೆಳಗಿನ ಮಂಜನ್ನು ಎಲೆಗಳಲ್ಲಿ ಹಿಡಿದು ತೊಟ್ಟಿಕ್ಕಿಸುವ ದಟ್ಟ ಕಾಡು. ಈ ಕಾಡಿನಲ್ಲಿ ಕೆಳಹಟ್ಟಿ, ನಡುಹಟ್ಟಿ, ಮೇಲ್ಹಟ್ಟಿ ಎಂದು ಮೂರು ಊರು. ಮೂರನ್ನೂ ಜೋಡಿಸುವುದು ಒಂದೇ ಗಾಡಿ ಹಿಡಿಯುವ ಜಾಡು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಪ್ರಪಾತ. ಅದರ ಮೇಲೆ ಓಡುವುದು ದೂಳಗಾಡಿ. ನೆಲ ಕಚ್ಚಿ ಹಿಡಿಯಲು ದಪ್ಪ ಗುಬ್ಬಿಗಳು ಎದ್ದಿರುವ ಟೈರಿನ ಎರಡು ಗಾಲಿ, ಬಿಸಿಲಿನಲ್ಲಿ ಕೂಡಿಟ್ಟ ಶಕ್ತಿಯಿಂದ ನಡೆಯುತ್ತದೆ, ಸದ್ದೇ ಇಲ್ಲ. ನಿಮ್ಮ ಗಾಡಿಗಳು ಕಿವಿ ಹರಿಯುವಂತೆ ಕೂಗುತ್ತಿದ್ದವಂತೆ. ನಮ್ಮದು ಎದುರಿಗೆ ಬಂದು ನಿಲ್ಲುವವರೆಗೂ ಗೊತ್ತಾಗುವುದಿಲ್ಲ. ಮಳೆನೀರು ಜಾಡು ಹಿಡಿದು ಹರಿಯದಂತೆ ಅಲ್ಲಲ್ಲಿ ಓರೆಯಾಗಿ ಅಡ್ಡಗಲ್ಲು ಹುಗಿಯುವುದು, ಕುಸಿದ ಅಂಚಿಗೆ ಕಲ್ಲು ಕಟ್ಟುವುದು, ಇದು ನನ್ನ ಮತ್ತು ನನ್ನ ತಮ್ಮ ಹೊನ್ನೂರನ ಕೆಲಸ. ಜಾಡು ಬಿಟ್ಟು ಒಂದು ಗೇಣು ಆಚೆ ಗಾಲಿ ಇಡುವಂತಿಲ್ಲ. ಮರಳು ಹಾರದಂತೆ ಹಿಡಿದಿಟ್ಟಿರುವ ಕಪ್ಪನೆಯ ಮಣ್ಣಿನ ತೊಗಲು ಒಮ್ಮೆ ಒಡೆದರೆ ಮತ್ತೆ ಕೂಡಲು ಒಂದು ತಲೆಮಾರು ಬೇಕು.

ನೀವು ನಮಗೆ ಬಿಟ್ಟುಹೋದ ಒಳ್ಳೆಯದು ಒಂದೇ, ಬೆರಳುಮಾತು. ಜಾಡಿನಲ್ಲಿ ಎದುರಾದಾಗ, ನನ್ನ ಹಿಂದೆ ಇನ್ನೂ ಇಷ್ಟು ಗಾಡಿಗಳಿವೆ ಎಂದು ಬೆರಳೆತ್ತಿ ತೋರಿಸುವುದು. ಯಾರೂ ಇಲ್ಲದಿದ್ದರೆ ಮುಷ್ಟಿ. ಇಳಿಯುವವರು ಮೂಲೆಯಲ್ಲಿ ನಿಂತು ಹತ್ತುವವರಿಗೆ ದಾರಿ ಬಿಡುತ್ತಾರೆ. ಮುಷ್ಟಿ ಕಂಡ ಮೇಲೆ ಯೋಚಿಸದೆ ಇಳಿಯುತ್ತಾರೆ. ನಮ್ಮ ಮಕ್ಕಳು ಎಣಿಸಲು ಕಲಿಯುವುದೇ ಇದರಿಂದ. ಸುಳ್ಳು ಬಾಯಲ್ಲಿ ಹೇಳುವವರು ನಮ್ಮಲ್ಲೂ ಬೇಕಾದಷ್ಟಿದ್ದಾರೆ. ಬೆರಳಿನಲ್ಲಿ ಯಾರೂ ಹೇಳಿರಲಿಲ್ಲ.

ಹೋದ ವರ್ಷ ಕಾರ್ತಿಕದಲ್ಲಿ ಒಂದು ದಿನ, ಹೊತ್ತು ಏರಿದ ಮೇಲೆ, ನಾನೂ ಹೊನ್ನೂರನೂ ಮೇಲ್ಹಟ್ಟಿಯಿಂದ ಇಳಿಯುತ್ತಿದ್ದೆವು. ಅವನು ಮುಂದೆ, ಹಾರೆ ಗುದ್ದಲಿ ಕಟ್ಟಿಕೊಂಡು ನಾನು ಹಿಂದೆ. ಕೆಳಗಿನಿಂದ ಜಂಬಣ್ಣ ಹತ್ತಿಬಂದ. ಜಂಬಣ್ಣ ಮೂರೂ ಹಟ್ಟಿಗಳಿಗೆ ಔಷಧಿ ಸಾಗಿಸುವವನು, ನಮಗೆಲ್ಲ ಬೆರಳುಮಾತು ಕಲಿಸಿದವನು. ನಾವು ಮೂಲೆಯಲ್ಲಿ ನಿಂತೆವು. ಅವನು ಮುಷ್ಟಿ ತೋರಿಸಿ ದಾಟಿಹೋದ. ಮುಖ ಯಾಕೋ ಬೆಳ್ಳಗಿತ್ತು, ದೂಳಿರಬೇಕು ಅಂದುಕೊಂಡೆ. ಹೊನ್ನೂರ ಗಾಡಿ ಬಿಟ್ಟ. ಮುಂದಿನ ತಿರುವಿನಲ್ಲಿ ಇನ್ನೊಂದು ಗಾಡಿ ಸರ್ರನೆ ಮೇಲೆ ಬಂತು. ಹೊನ್ನೂರ ಅಂಚಿಗೆ ಎಳೆದ, ಅಂಚು ಕುಸಿಯಿತು. ಅವನು ಗಾಡಿಯ ಸಮೇತ ಕೆಳಗಿನ ಕಮರದ ಗಿಡಗಳ ಮೇಲೆ ಉರುಳಿದ. ಆ ಸವಾರ ಬಂಡೆಗೆ ಒತ್ತಿಕೊಂಡು ನನ್ನ ಪಕ್ಕದಲ್ಲೇ ನುಗ್ಗಿಹೋದ. ಮುಖಕ್ಕೆ ಬಟ್ಟೆ ಸುತ್ತಿತ್ತು. ನಿಲ್ಲಲಿಲ್ಲ.

ನಾನು ಹಗ್ಗ ಕಟ್ಟಿ ಇಳಿದೆ. ಹೊನ್ನೂರನ ತೊಡೆಯ ಮೂಳೆ ಮುರಿದಿತ್ತು. ಅವನು ನರಳಲಿಲ್ಲ. "ಮುಷ್ಟಿ ತೋರಿಸಿದ್ನಲ್ಲಕ್ಕ" ಎಂದಷ್ಟೇ ಅಂದ. ಮತ್ತೆ ಅದನ್ನೇ ಅಂದ.

ನಡುಹಟ್ಟಿಯ ಕಟ್ಟೆಯ ಮೇಲೆ ಜನ ಸೇರಿತು. ಹಿರಿಯ ಗಾದಿಲಿಂಗಜ್ಜ ಕೇಳಿದ.

"ಜಂಬಣ್ಣ, ನಿನ್ನ ಹಿಂದ ಯಾರು ಬರ್ತಿದ್ರು?"

"ಯಾರೂ ಇದ್ದಿಲ್ಲಜ್ಜ."

"ಮತ್ತ ಇವನನ್ನ ಕೆಡವಿದ್ದು ಗಾಳೀನಾ?"

"ಅದು ನನಗ ಗೊತ್ತಿಲ್ಲ. ಹಿಂದ ಯಾರೂ ಇದ್ದಿಲ್ಲ ಅಂಬೋದು ಮಾತ್ರ ಖರೆ."

ಯಾರೂ ನಂಬಲಿಲ್ಲ. ನಾನಂತೂ ಮೊದಲೇ ಇಲ್ಲ. ಯಾರನ್ನೋ ಮುಚ್ಚಿಡುತ್ತಿದ್ದಾನೆ, ಮರಳಿನ ಆಚೆಯವರಿಗೆ ಔಷಧಿ ಮಾರುತ್ತಿರಬೇಕು ಎಂದು ಕೆಲವರು, ಮೇಲಿನ ಕಾಡಿನ ಮರ ಕಡಿಸುತ್ತಿರಬೇಕು ಎಂದು ಕೆಲವರು. ಅವನ ಹೆಂಡತಿ ಪಂಪಕ್ಕ ಸೆರಗು ಹೊದ್ದು ಒಂದು ಮೂಲೆಯಲ್ಲಿ ಕೂತಿದ್ದಳು, ತಲೆ ಎತ್ತಲಿಲ್ಲ. ಗಂಡನ ಮರ್ಯಾದೆ ಹೋಯಿತೆಂಬ ಸಂಕಟ ಅಂತ ನನಗನ್ನಿಸಿತು.

ಮರುದಿನ ಬೆಳಿಗ್ಗೆ ನಾನೊಬ್ಬಳೇ ಜಾಡಿಗೆ ಹೋದೆ. ಬಂಡೆಯ ನೆರಳಿದ್ದ ಕಡೆ ಗಾಳಿ ಇನ್ನೂ ಗುರುತು ಅಳಿಸಿರಲಿಲ್ಲ. ಜಂಬಣ್ಣನ ಅಗಲವಾದ ಗಾಲಿ, ಅದರ ಮೇಲೆ ಸಣ್ಣದೊಂದು ಗಾಲಿ, ಗುಬ್ಬಿಯೊಂದು ಹರಿದದ್ದು. ಜಂಬಣ್ಣ ಸುಳ್ಳು ಹೇಳಿ ಸಿಕ್ಕಿಬಿದ್ದ ಎಂದುಕೊಂಡು ಹಿಂದಕ್ಕೆ, ಕೆಳಗಿನವರೆಗೆ ಹುಡುಕುತ್ತಾ ಹೋದೆ. ಒಂದು ಕಡೆ ಜಂಬಣ್ಣ ಗಾಡಿ ನಿಲ್ಲಿಸಿ ಕಲ್ಲಿನ ಮೇಲೆ ಕೂತ ಗುರುತಿತ್ತು. ಸಣ್ಣ ಗಾಲಿಯೂ ನಿಂತಿತ್ತು. ಆದರೆ ಅವನ ಪಕ್ಕದಲ್ಲಲ್ಲ, ಒಂದು ತಿರುವು ಕೆಳಗೆ, ದಿಂಡಿಗದ ಮರೆಯಲ್ಲಿ. ಅಲ್ಲಿ ಯಾರೋ ಬಹಳ ಹೊತ್ತು ನಿಂತು ಕಾಲು ಬದಲಿಸಿದ್ದರು. ಜೊತೆಗಾರನಾದರೆ ಪಕ್ಕದಲ್ಲಿ ನಿಲ್ಲುತ್ತಾನೆ, ಮಾತಾಡುತ್ತಾನೆ, ನೀರು ಕುಡಿಯುತ್ತಾನೆ. ಇದು ಹಿಂಬಾಲಿಸಿದವರ ಕೆಲಸ. ಹಾಗಾದರೆ ಜಂಬಣ್ಣ ಹೇಳಿದ್ದು ನಿಜ. ಅವನಿಗೆ ಗೊತ್ತಿರಲಿಲ್ಲ.

ಅವನ ಮನೆಗೆ ಹೋದೆ. ಅಂಗಳದಲ್ಲಿ ಗಾಡಿಯ ಚೈನಿಗೆ ಎಣ್ಣೆ ಹಾಕುತ್ತಿದ್ದ.

"ಅಣ್ಣ, ನಿನ್ನ ಬೆನ್ನ ಹಿಂದ ಯಾರೋ ಬರ್ತಿದ್ರು. ನಿನಗ ಗೊತ್ತಾಗಿಲ್ಲ" ಅಂದೆ.

ಎಣ್ಣೆಯ ಕೈ ನಿಂತಿತು. "ಗಾಲಿ ಎಂಥಾದು?"

"ಸಣ್ಣದು. ಒಂದು ಗುಬ್ಬಿ ಹರಿದೈತಿ."

ಅವನು ಮನೆಯ ಒಳಗೆ ಒಮ್ಮೆ ನೋಡಿದ, ಆಮೇಲೆ ನನ್ನನ್ನು ನೋಡಿದ. "ಹೋಗು ತಂಗಿ. ಬಿಸಿಲು ಏರ್ತೈತಿ" ಅಂದ. ಅದೇ ಸಂಜೆ ಗಾದಿಲಿಂಗಜ್ಜನ ಹತ್ತಿರ ಹೋಗಿ, ತಾನು ಸುಳ್ಳು ಮುಷ್ಟಿ ತೋರಿಸಿದ್ದು ನಿಜ, ಹಿಂದೆ ಬಂದದ್ದು ಯಾರೆಂದು ಕೇಳಬೇಡಿ, ಗಾಡಿಯ ಕೀಲಿ ತೆಗೆದುಕೊಳ್ಳಿ ಎಂದು ಹೇಳಿಬಂದ.

ನಿಜ ಹೇಳಿದಾಗ ನಂಬದವರು ಸುಳ್ಳು ಹೇಳಿದಾಗ ತಕ್ಷಣ ನಂಬಿದರು. ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ಇಂಥ ಮನುಷ್ಯ ಯಾರಿಗಾಗಿ ತನ್ನ ಕೈಯನ್ನೇ ಸುಳ್ಳು ಮಾಡಿಕೊಳ್ಳುತ್ತಾನೆ? ಅಷ್ಟರಲ್ಲಿ ಜಾಡೂ ಕೆಟ್ಟಿತು. ಜಂಬಣ್ಣನ ಮುಷ್ಟಿಯೇ ಸುಳ್ಳಾದ ಮೇಲೆ ಇನ್ನೊಬ್ಬರದು ಯಾಕೆ ನಿಜವಾಗಬೇಕು ಎಂದು ಜನ ಪ್ರತಿ ತಿರುವಿನಲ್ಲೂ ಗಾಡಿ ನಿಲ್ಲಿಸಿ, ಇಳಿದು, ಇಣುಕಿ ನೋಡತೊಡಗಿದರು. ಎದುರಾದವರು ಒಬ್ಬರ ಬೆರಳನ್ನೊಬ್ಬರು ನೋಡಿ ಜಗಳಾಡಿದರು. ಮೇಲ್ಹಟ್ಟಿಯ ಬಾಣಂತಿಯೊಬ್ಬಳಿಗೆ ಮಧ್ಯಾಹ್ನ ತಲುಪಬೇಕಾದ ಔಷಧಿ ಹೊತ್ತು ಮುಳುಗುವಾಗ ತಲುಪಿತು. ಆಕೆ ಉಳಿದಳು. ಅದು ಆಕೆಯ ಗಟ್ಟಿತನವೇ ಹೊರತು ನಮ್ಮ ದೊಡ್ಡಸ್ತಿಕೆಯಲ್ಲ.

ಇನ್ನು ಸುಮ್ಮನಿರುವುದು ಸರಿಯಲ್ಲ ಎಂದು ನೆತ್ತಿಯ ಮಂಜುಬಲೆಗಳ ಹತ್ತಿರ ಹೋದೆ. ಮರದಿಂದ ಮರಕ್ಕೆ ಕಟ್ಟಿದ ಆ ಬಲೆಗಳಲ್ಲಿ ನಿಂತ ಹನಿಗಳನ್ನು ಹೆಂಗಸರು ಬೆಳಿಗ್ಗೆ ಕೊಡಕ್ಕೆ ಇಳಿಸುತ್ತಾರೆ. ಪಂಪಕ್ಕ ಒಬ್ಬಳೇ ಇದ್ದಳು. ಅವಳಿಗೂ ಒಂದು ಸಣ್ಣ ಗಾಡಿ ಇತ್ತು; ಗಾಲಿಯ ಮಾತು ಬಂದಾಗ ಜಂಬಣ್ಣ ಮನೆಯ ಒಳಗೆ ನೋಡಿದ್ದನ್ನು ನಾನು ಮರೆತಿರಲಿಲ್ಲ.

"ಅಕ್ಕ, ನಿನ್ನ ಗಾಡಿ ಗಾಲಿ ಒಂದು ಸಲ ನೋಡಬೇಕು" ಅಂದೆ.

"ನೋಡಬ್ಯಾಡ. ನಾನೇ" ಅಂದಳು. ಕೊಡ ಕೆಳಗಿಟ್ಟಳು.

ಆಮೇಲೆ ಹೇಳಿದಳು. ಮೂರು ನಾಲ್ಕು ತಿಂಗಳಿಂದ ಜಂಬಣ್ಣ ತಡವಾಗಿ ಬರುತ್ತಿದ್ದ. ಯಾಕೆ ಅಂದರೆ ಜಾಡು ಕೆಟ್ಟಿದೆ ಅನ್ನುತ್ತಿದ್ದ. "ಜಾಡು ಕೆಟ್ಟಿದ್ರ ನೀನು ಸುಮ್ಮನಿರ್ತಿದ್ದೇನು? ಅದಕ್ಕ ನಂಬಲಿಲ್ಲ. ಮೇಲ್ಹಟ್ಟ್ಯಾಗ ಯಾವಳನ್ನೋ ಇಟ್ಟಾನ ಅಂದ್ಕೊಂಡೆ." ಒಂದು ದಿನ ಅವನ ಹಿಂದೆ ಗಾಡಿ ಬಿಟ್ಟಳು. ಯಾವ ಹೆಂಗಸೂ ಕಾಣಲಿಲ್ಲ. ನಡುದಾರಿಯಲ್ಲಿ ಗಾಡಿ ನಿಲ್ಲಿಸಿ ಕಲ್ಲಿನ ಮೇಲೆ ಕೂತು ಎದೆ ಹಿಡಿದುಕೊಂಡ ಗಂಡ ಕಂಡ. ನೋವು ಇಳಿದ ಮೇಲೆ ಮುಖ ಒರೆಸಿಕೊಂಡು ಮುಂದೆ ಹೋದ. ಊರಿಗೆ ಗೊತ್ತಾದರೆ ಔಷಧಿ ಗಾಡಿಯ ಕೆಲಸ ಬಿಡಿಸುತ್ತಾರೆಂದು ಅವನು ಯಾರಿಗೂ ಹೇಳಿರಲಿಲ್ಲ. ಕೇಳಿದರೆ ಹಿಂದೆ ಬಂದದ್ದು ಗೊತ್ತಾಗುತ್ತದೆಂದು ಅವಳೂ ಕೇಳಲಿಲ್ಲ. ಅಂದಿನಿಂದ ಅವನು ಹೊರಟಾಗಲೆಲ್ಲ ಒಂದು ತಿರುವು ಬಿಟ್ಟು ಇವಳು.

"ಆವತ್ತು ಬಹಳ ಹೊತ್ತು ಕೂತಿದ್ದ. ಮುಖ ಸುಣ್ಣ ಆಗಿತ್ತು. ಎದ್ದು ಹೊರಟ. ಎಲ್ಲಿ ಬೀಳ್ತಾನೋ ಅಂತ ನಾ ಜೋರು ಬಿಟ್ಟೆ."

"ನನ್ನ ತಮ್ಮ ಬಿದ್ದಿದ್ದು ನೋಡಿದಿ?"

"ನೋಡಿದೆ."

"ನೋಡಿ ನಿಲ್ಲಲಿಲ್ಲ."

"ಅವನ ಹಿಂದ ನೀ ಇದ್ದಿ, ಸುಂಕಮ್ಮ. ನನ್ನ ಗಂಡನ ಹಿಂದ ನನ್ನ ಬಿಟ್ರ ಯಾರೂ ಇದ್ದಿಲ್ಲ."

ಬಲೆಯಿಂದ ಹನಿ ಬೀಳುತ್ತಿತ್ತು. ನಾನು ಸಿಟ್ಟಿನಿಂದ ಅಲ್ಲೇ ಕೂತೆ. ಅವಳೂ ಕೂತಳು. "ಕಟ್ಟೆ ಮ್ಯಾಲ ನಾನೇ ಹೇಳ್ತೀನಿ. ಅವನ ಕೈಗೆ ಕೆಟ್ಟ ಹೆಸರು ಬರಬಾರದು" ಅಂದಳು.

ಹೇಳಿದಳು. ಅಳಲಿಲ್ಲ, ಯಾರನ್ನೂ ಬೇಡಲಿಲ್ಲ. ಜಂಬಣ್ಣ ಮಾತ್ರ ಮುಖ ತಿರುಗಿಸಿ ಕೂತ. ಹಿಂದೆ ಬಂದದ್ದಕ್ಕಿಂತ ಎದೆನೋವು ಬಯಲಾದದ್ದೇ ಅವನಿಗೆ ಹೆಚ್ಚು ಅವಮಾನವಾಗಿತ್ತು. ಗಾದಿಲಿಂಗಜ್ಜ ತೀರ್ಮಾನ ಕೊಟ್ಟ: ಹೊನ್ನೂರನ ಕಾಲು ಕೂಡುವವರೆಗೆ ಪಂಪಕ್ಕ ನನ್ನ ಜೊತೆ ಜಾಡಿನ ಕೆಲಸ ಮಾಡಬೇಕು, ಜಂಬಣ್ಣ ಒಬ್ಬನೇ ಗಾಡಿ ಹತ್ತಬಾರದು. ಮುಷ್ಟಿ ತೋರಿಸುವವರು ಇನ್ನು ಮೇಲೆ ಒಮ್ಮೆ ಪೂರ್ತಿ ಹಿಂದೆ ತಿರುಗಿ ನೋಡಿ ತೋರಿಸಬೇಕು.

ಚಳಿಗಾಲವೆಲ್ಲ ಅವಳೂ ನಾನೂ ಕಲ್ಲು ಹೊತ್ತೆವು. ಹೊನ್ನೂರ ಬಿದ್ದ ಅಂಚನ್ನು ಇಬ್ಬರೇ ಕಟ್ಟಿದೆವು. ಕೆಲಸ ಚೆನ್ನಾಗಿ ಮಾಡುತ್ತಾಳೆ, ಇದನ್ನು ಹೇಳಲು ನನಗೆ ಇಷ್ಟವಿಲ್ಲ. ಒಂದು ದಿನ ರೊಟ್ಟಿ ಮುರಿಯುತ್ತಾ ಕೇಳಿದಳು: "ನೀ ಮೇಲ್ಹಟ್ಟಿಗೆ ಹೋಗಿ ಬರ್ತೀಯಲ್ಲ, ಖರೇ ಹೇಳು, ಅಲ್ಲಿ ಅವನಿಗೆ ಯಾರೂ ಇಲ್ಲಲ್ಲ?" ಇಲ್ಲ ಅಂದೆ. ನಂಬಿದಂತೆ ಕಾಣಲಿಲ್ಲ. ಹೊನ್ನೂರ ಈಗ ಕುಂಟುತ್ತಾ ನಡೆಯುತ್ತಾನೆ. ಅವಳ ಮೇಲೆ ಸಿಟ್ಟಿಲ್ಲ ಅನ್ನುತ್ತಾನೆ. ಆದರೂ ಅವಳು ತಂದ ಗಂಜಿಯನ್ನು ಅವಳು ಹೋದ ಮೇಲೆಯೇ ಕುಡಿಯುತ್ತಾನೆ, ಅದನ್ನು ನಾನು ನೋಡಿದ್ದೇನೆ. ಔಷಧಿಯ ಗಾಡಿಯನ್ನು ಈಗ ಪಂಪಕ್ಕ ಓಡಿಸುತ್ತಾಳೆ, ಜಂಬಣ್ಣ ಹಿಂದೆ ಕೂತಿರುತ್ತಾನೆ. ಇಬ್ಬರೂ ದಾರಿಯುದ್ದಕ್ಕೂ ಜಗಳಾಡುತ್ತಾರೆಂದು ಮೇಲ್ಹಟ್ಟಿಯವರು ಹೇಳುತ್ತಾರೆ. ಗಾಡಿಗೆ ಸದ್ದಿಲ್ಲದಿದ್ದರೂ ಅವರು ಬರುವುದು ಈಗ ದೂರದಿಂದಲೇ ಕೇಳಿಸುತ್ತದೆ.

ಇಷ್ಟೆಲ್ಲ ನಿಮಗೆ ಯಾಕೆ ಬರೆದೆನೆಂದರೆ, ಈ ಬೆರಳುಮಾತನ್ನು ಹುಟ್ಟಿಸಿದವರು ನೀವು. ನಿಮ್ಮ ಜಾಡಿನಲ್ಲೂ ಇಂಥದ್ದೊಂದು ತಿರುವು ಇದ್ದಿರಬೇಕು, ಅಲ್ಲಿ ಯಾರೋ ಬಿದ್ದಿರಬೇಕು, ಇನ್ಯಾರೋ ನಿಲ್ಲದೆ ಹೋಗಿರಬೇಕು. ಆಮೇಲೆ ಅವರು ಒಂದೇ ಊರಿನಲ್ಲಿ ಹೇಗೆ ಬಾಳಿದರು, ಬಿದ್ದವನ ಅಕ್ಕ ಏನು ಮಾಡಿದಳು, ಅದನ್ನು ಬರೆದಿಡಿ. ಚೆಂದ ಮಾಡಿ ಬರೆಯಬೇಡಿ, ಗೊತ್ತಾಗುತ್ತದೆ. ನಾಳೆ ಔಷಧಿಯ ಸರದಿಯಿಲ್ಲ, ಬೆಳಿಗ್ಗೆ ಪಂಪಕ್ಕ ಜಾಡಿನ ಕೆಲಸಕ್ಕೆ ಕರೆಯಲು ಬರುತ್ತಾಳೆ. ಅವಳ ಶಿಕ್ಷೆ ಹೋದ ತಿಂಗಳೇ ಮುಗಿದಿದೆ. ಇನ್ನೂ ಯಾಕೆ ಬರುತ್ತಾಳೆಂದು ನಾನು ಕೇಳಿಲ್ಲ, ಬರಬೇಡ ಎಂದೂ ಹೇಳಿಲ್ಲ.

ಇಂತಿ,
ಸುಂಕಮ್ಮ, ಜಾಡುಗಾತಿ, ನಡುಹಟ್ಟಿ