ಕ್ಯಾಬಿನ್ನಿನ ಹಿಂಗೋಡೆ

ಮಾರ್ಚ್ 4

ಅಪ್ಪನ ಮೈ ಒರೆಸಿ, ಮಗ್ಗುಲು ಬದಲಿಸಿ, ಬೆನ್ನಿಗೆ ಮುಲಾಮು ಹಚ್ಚಿ ಶೆಡ್ಡಿಗೆ ಬರುವಷ್ಟರಲ್ಲಿ ಹೊತ್ತು ಏರಿತ್ತು. ಒಂದು ಕಾರಿನ ಡೋರಿಗೆ ಡೆಂಟ್ ತೆಗೆಯುವುದಿತ್ತು. ಇನ್ನೊಂದಕ್ಕೆ ಬಂಪರ್. ಮನೆಗೂ ಶೆಡ್ಡಿಗೂ ನಡುವೆ ಒಂದೇ ಗೋಡೆ, ಆದರೂ ಗ್ರೈಂಡರ್ ಓಡುತ್ತಿದ್ದರೆ ಅಪ್ಪ ಕೂಗಿದ್ದು ಕೇಳಿಸುವುದಿಲ್ಲ. ಅದಕ್ಕೇ ಆಗಾಗ ನಿಲ್ಲಿಸಿ ಕಿವಿಗೊಡುತ್ತೇನೆ.

ಪಕ್ಕದ ಶೆಡ್ಡಿನ ಪೇಂಟರ್ ನಗುತ್ತಾನೆ — "ಅಕ್ಕಾ, ನಿಮ್ಮ ಗ್ರೈಂಡರಿಗೆ ಬಿಕ್ಕಳಿಕೆ ಬಂದಿದೆ."

ಅಪ್ಪನದು ಇವತ್ತೂ ಮಾತಿಲ್ಲ. ಏಣಿಯಿಂದ ಬಿದ್ದಾಗಿನಿಂದ ಕೂರಲು ಆಗುವುದಿಲ್ಲ. ಎಬ್ಬಿಸಿ ಒರಗಿಸಿದರೆ ಕಣ್ಣಿಗೆ ಕತ್ತಲೆ ಬರುತ್ತದೆ. ಟ್ರಕ್ ಓಡಿಸುತ್ತಿದ್ದವನು, ಈಗ ಮಲಗಿ ಚಾವಣಿ ನೋಡುತ್ತಾನೆ.

ಸಂಜೆ ಅಣ್ಣನ ಫೋನು. ಗುರುವಾರ ಬರುತ್ತಾನಂತೆ. ಏನು ವಿಶೇಷ ಅಂದರೆ, ಸುಮ್ಮನೆ ಅಂದ.

ಮಾರ್ಚ್ 6

ಅಣ್ಣ ಬಂದ. ತನ್ನ ಹಾರ್ಡ್‌ವೇರ್ ಅಂಗಡಿಯ ಸಾಮಾನು ಸಾಗಿಸುವ ಆ ಸಣ್ಣ ಪಿಕಪ್ಪಿನಲ್ಲೇ. ಊಟ ಮಾಡಿ, ಅಪ್ಪನ ಕಾಲ ಬಳಿ ಕೂತು ಶುರು ಮಾಡಿದ.

"ಅಪ್ಪ ಒಂದು ವಾರ ನಮ್ಮನೇಲಿರ್ಲಿ. ನೀನೂ ಸ್ವಲ್ಪ ಸುಧಾರಿಸ್ಕೋ."

"ಹೇಗೆ ಕರ್ಕೊಂಡು ಹೋಗ್ತೀಯಾ? ಹೆಗಲ ಮೇಲೆ ಹೊತ್ಕೊಂಡಾ?"

"ಪಿಕಪ್ ಇದೆಯಲ್ಲ."

"ಅದರ ಹಿಂದಿನ ಬಾಡಿ ಐದಡಿನೂ ಇಲ್ಲ. ಅಪ್ಪ ಆರಡಿ ಆಳು. ಕಾಲು ರೋಡಿಗೆ ಚಾಚ್ಕೊಂಡು ಹೋಗ್ತಾನಾ?"

ಆಂಬುಲೆನ್ಸ್ ಅಂತ ನಾನೇ ಬಾಯಿಬಿಟ್ಟೆ. ಅಪ್ಪ ಮುಖ ಆಚೆ ತಿರುಗಿಸಿದ. ಬಿದ್ದ ದಿನ ಹತ್ತಿದ್ದೇ ಸಾಕಂತೆ. ಅಣ್ಣ ಅಪ್ಪನ ಮುಖ ನೋಡಿದ. ಆಮೇಲೆ ಅಪ್ಪನೇ ಅಂದ —

"ಕ್ಯಾಬಿನ್ ಹಿಂಗೋಡೆ ಕೊಯ್ದ್‌ಬಿಡು ಪುಟ್ಟಿ. ಪಕ್ಕದ ಸೀಟು ಕಿತ್ತಾಕು. ಕಾಲು ಬಾಡೀಲಿರ್ಲಿ, ತಲೆ ಡ್ರೈವರ್ ಪಕ್ಕ ಬರ್ಲಿ."

ಎಷ್ಟು ತಿಂಗಳ ಮೇಲೆ ಅಪ್ಪನ ಬಾಯಿಂದ ಇಷ್ಟುದ್ದದ ಮಾತು! ಮುಂದೆ ಅವರೇನು ಮಾತಾಡಿಕೊಂಡರೋ ಗೊತ್ತಿಲ್ಲ. ನಾನಾಗಲೇ ಅಳತೆ ಟೇಪು ಹುಡುಕುತ್ತಿದ್ದೆ.

ಅಣ್ಣ ಗಾಡಿ ಬಿಟ್ಟು ಬಸ್ಸಿನಲ್ಲಿ ಹೋದ.

ಮಾರ್ಚ್ 9

ಸೀಟು ಬಿಚ್ಚಿದೆ. ಒಳಗಿನ ಹೊದಿಕೆ ಬಿಚ್ಚಿದೆ. ಕೊಯ್ಯುವುದು ದೊಡ್ಡದಲ್ಲ. ಕೊಯ್ದ ಮೇಲೆ ಕ್ಯಾಬಿನ್ ನಿಲ್ಲಬೇಕಲ್ಲ. ಹಿಂಗೋಡೆ ಬರೀ ತಗಡಲ್ಲ, ಮೇಲಿನ ಟಾಪನ್ನು ಹಿಡಿದಿರುವುದೂ ಅದೇ. ಗಾಜಿನ ತಂಟೆಗೆ ಹೋಗದೆ ಅದರ ಕೆಳಗೆ, ಎಡಗಡೆ ಅರ್ಧ ಮಾತ್ರ ಕೊಯ್ದೆ. ಸುತ್ತಲೂ ಚೌಕದ ಪೈಪಿನ ಚೌಕಟ್ಟು ಕೂರಿಸಿ ವೆಲ್ಡ್ ಮಾಡಿದೆ. ಬಾಡಿಯ ಮುಂದಿನ ತಗಡಿಗೂ ಅದೇ ಅಳತೆಯ ಕಿಂಡಿ.

ಈಗ ಈ ಕಡೆಯಿಂದ ಬಗ್ಗಿ ನೋಡಿದರೆ ಆ ಕಡೆ ಬೀದಿ ಕಾಣುತ್ತದೆ.

ಅಪ್ಪ ಒಳಗಿಂದ ಕೂಗಿ ಕೇಳಿದ — "ಅಂಚು ಉಜ್ಜಿದ್ಯಾ?" ಉಜ್ಜಿದೆ ಅಂದೆ. "ಇನ್ನೊಂದ್ಸಲ ಉಜ್ಜು. ನನ್ನ ಕಿವಿ ಅಲ್ಲೇ ದಾಟ್ಕೊಂಡು ಹೋಗೋದು."

ಮಾರ್ಚ್ 11

ಒಂದು ವಿಷಯ ತಲೆಗೇ ಹೊಳೆದಿರಲಿಲ್ಲ. ಕ್ಯಾಬಿನ್ ಬೇರೆ, ಬಾಡಿ ಬೇರೆ. ಎರಡೂ ಒಂದೇ ಚಾಸಿ ಮೇಲೆ ಕೂತಿದ್ದರೂ ಗುಂಡಿ ಬಂದರೆ ಒಂದು ಈ ಕಡೆ ಕುಣಿದರೆ ಇನ್ನೊಂದು ಆ ಕಡೆ. ಪೇಂಟರ್ ಕೈಗೆ ಸ್ಟಿಯರಿಂಗ್ ಕೊಟ್ಟು ನಾನು ಹಿಂದೆ ಕೂತು ನೋಡಿದೆ. ನಡುವಿನ ಸಂದು ಬಾಯಿ ತೆರೆದು ಮುಚ್ಚುತ್ತದೆ. ಅಪ್ಪನ ಸೊಂಟ ಸರಿಯಾಗಿ ಅದರ ಮೇಲೆ.

ಅಪ್ಪ ಮಲಗುವ ಹಲಗೆ ಎರಡು ತುಂಡು ಆಗಬಾರದು. ಒಂದೇ ಉದ್ದ. ಬಾಡಿ ಕಡೆ ಬೋಲ್ಟ್, ಕ್ಯಾಬಿನ್ ಕಡೆ ಬಿಗಿಯದೆ ನೈಲಾನ್ ಪಟ್ಟಿಯ ಮೇಲೆ ಜಾರಲು ಬಿಡಬೇಕು. ಸಂದಿಗೆ ಟಾರ್ಪಾಲಿನ ಮಡಿಕೆ ಹೊದಿಕೆ. ಸೀಟ್ ಕವರ್ ಹೊಲಿಯುವವನು ಹೊಲಿದು ಕೊಟ್ಟ. ಪೇಂಟರ್ ನೋಡಿ, "ಗಾಡಿಗೆ ಹಾರ್ಮೋನಿಯಂ ಹಾಕಿಸಿದ್ರಾ?" ಅಂದ.

ಇಷ್ಟು ಖುಷಿಯಿಂದ ಕೆಲಸ ಮಾಡಿ ಯಾವ ಕಾಲವಾಯಿತೋ.

ಮಾರ್ಚ್ 16, ಭಾನುವಾರ

ಟ್ರಯಲ್!

ಪೇಂಟರ್ ಒಂದು ಕಡೆ, ನಾನೊಂದು ಕಡೆ. ಅಪ್ಪನನ್ನು ಶೀಟಿನ ಸಮೇತ ಎತ್ತಿ ಹಿಂದಿನಿಂದ ಜಾರಿಸಿದೆವು. ತಲೆ ಕಿಂಡಿ ದಾಟಿ ಕ್ಯಾಬಿನ್ನಿಗೆ ಬಂತು. ಅಗಲದ ಬೆಲ್ಟುಗಳನ್ನು ಬಿಗಿದೆ. ಅಪ್ಪ ಮೇಲಕ್ಕೆ ನೋಡಿ ಕೇಳಿದ — "ಈಗ ನಾನು ಲಗೇಜಾ, ಪ್ಯಾಸೆಂಜರಾ?"

"ಅರ್ಧ ಅರ್ಧ. ಸೊಂಟದಿಂದ ಕೆಳಗೆ ಲಗೇಜು."

"ಅದು ಬಿದ್ದ ದಿನದಿಂದಲೇ ಲಗೇಜು ಕಣೇ."

ಗೇರಿನ ಪಕ್ಕ ಅಪ್ಪನ ತಲೆ. ಆಕಾಶ, ವೈರು, ಮರದ ತುದಿ ಬಿಟ್ಟರೆ ಅವನಿಗೆ ಏನೂ ಕಾಣದು. ಆದರೂ ಎಂಜಿನ್ ಸದ್ದು ಕೇಳಿಯೇ "ಗೇರ್ ಇಳ್ಸು… ಇಳ್ಸೇ…" ಅಂತ ದಾರಿಯುದ್ದಕ್ಕೂ ಬೈಗುಳ. ನದಿಯ ಸೇತುವೆ ಮೇಲೆ ನಿಲ್ಲಿಸಿದೆ. ಲಾರಿ ಹೋದಾಗ ಸೇತುವೆ ನಡುಗಿತು. ಅಪ್ಪ ಕಣ್ಣು ಮುಚ್ಚಿಕೊಂಡು ಹಲ್ಲು ಬಿಟ್ಟು ನಕ್ಕ.

ಮನೆಗೆ ಬಂದ ಮೇಲೆ ಬಚ್ಚಲಲ್ಲಿ ನಿಂತು ಅತ್ತೆ. ಒಳ್ಳೆಯ ಅಳು.

ಮಾರ್ಚ್ 18

ಅಣ್ಣ ಬಂದು ಕರೆದುಕೊಂಡು ಹೋದ. ಬ್ಯಾಗಿಗೆ ಏನೇನು ಹಾಕಬೇಕು ಅಂತ ಅಪ್ಪನೇ ಹೇಳಿದ. ದಪ್ಪ ಸ್ವೆಟರ್. ಶೇವಿಂಗ್ ಸೆಟ್ಟು. ಅಮ್ಮನ ಫೋಟೋ.

"ಒಂದು ವಾರಕ್ಕೆ ಫೋಟೋ ಯಾಕಪ್ಪ?"

"ಇರ್ಲಿ ಹಾಕು."

ಹಾಕಿದೆ. ಹೊರಡುವಾಗ ಕಿಂಡಿಯ ಚೌಕಟ್ಟನ್ನು ಬೆರಳಲ್ಲಿ ಸವರಿ, "ಚೆನ್ನಾಗಿ ಮಾಡಿದೀಯ" ಅಂದ. ಅಪ್ಪ ಹಾಗೆಲ್ಲ ಹೊಗಳುವವನಲ್ಲ.

ಮಾರ್ಚ್ 22

ಫೋನ್ ಮಾಡಿದೆ. ಅಪ್ಪ ನಿದ್ದೆಯಲ್ಲಿದ್ದಾನೆ ಅಂದ ಅಣ್ಣ.

ಮಾರ್ಚ್ 25

ಇವತ್ತು ಬರಬೇಕಿತ್ತು. ಅಣ್ಣ ಅಂದ — ಗಾಡಿ ಬಾಡಿಗೆಗೆ ಹೋಗಿದೆ, ಇನ್ನೆರಡು ದಿನ. ಅಪ್ಪನಿಗೆ ಫೋನ್ ಕೊಡು ಅಂದೆ. ಡಾಕ್ಟರ್ ಬಂದಿದ್ದಾರೆ ಅಂದ. ಯಾವ ಡಾಕ್ಟರ್, ಏನಾಗಿದೆ? ಏನಿಲ್ಲ ಏನಿಲ್ಲ, ಸುಮ್ಮನೆ ಚೆಕಪ್ಪು… ಇಟ್ಟುಬಿಟ್ಟ.

ಹಾಸಿಗೆ ಬಿಸಿಲಿಗೆ ಹಾಕಿದೆ. ಹೊಸ ಶೀಟು ಹಾಸಿದೆ.

ಮಾರ್ಚ್ 28

ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿವೆ, ಕುಣಿಯಲಿ.

ಬೆಳಿಗ್ಗೆ ಹೇಳದೆ ಕೇಳದೆ ಅಣ್ಣನ ಮನೆಗೆ ಹೋದೆ. ಅತ್ತಿಗೆ ಬಾಗಿಲು ತೆಗೆದಳು. ಒಳಗೆ ಬಾ ಅನ್ನಲಿಲ್ಲ. ಚಿಲಕ ಹಿಡಿದುಕೊಂಡೇ, "ಅವರು ನಿನಗೆ ಹೇಳೇ ಇಲ್ವಾ?" ಅಂದಳು.

ಅಪ್ಪ ಆ ಮನೆಗೆ ಬಂದೇ ಇಲ್ಲ! ಹೊರಟ ದಿನವೇ ನೇರವಾಗಿ ಊರಾಚೆಯ ಆರೈಕೆ ಕೇಂದ್ರಕ್ಕೆ. ಜಾಗ ಫೆಬ್ರವರಿಯಲ್ಲೇ ಗೊತ್ತು ಮಾಡಿದ್ದರಂತೆ. ಫೆಬ್ರವರಿ! ನನ್ನ ಎದುರಿಗೆ "ಹಿಂಗೋಡೆ ಕೊಯ್ದ್‌ಬಿಡು" ಅಂದದ್ದು ಮಾರ್ಚ್ ತಿಂಗಳಲ್ಲಿ. ಆ ಮಾತು, ಅದಕ್ಕೆ ಮುಂಚಿನ ಆ ನೋಟ… ಎಲ್ಲ ಮೊದಲೇ ಆಡಿಕೊಂಡದ್ದು. ಇಬ್ಬರೂ ಸೇರಿ ನನ್ನ ಕಿವಿಗೆ ಹೂವಿಟ್ಟರು. ಗಾಡಿ ಇಲ್ಲದೆ ಹೋಗುವಂತಿರಲಿಲ್ಲ. ಆ ಗಾಡಿಯನ್ನು ನನ್ನ ಕೈಯಿಂದಲೇ ಮಾಡಿಸಿಕೊಂಡರು.

ಕೇಂದ್ರಕ್ಕೆ ಹೋದೆ. ಉದ್ದನೆಯ ವರಾಂಡ, ಫಿನಾಯಿಲ್ ವಾಸನೆ. ಕಿಟಕಿ ಪಕ್ಕದ ಮಂಚ. ಇಬ್ಬರು ಮುದುಕರು ಆಚೀಚೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಅಪ್ಪ ಮಲಗಿಕೊಂಡೇ ಇಸ್ಪೀಟ್ ಎಲೆಗಳನ್ನು ಮುಖದ ಮೇಲೆ ಎತ್ತಿ ಹಿಡಿದಿದ್ದ. ನಗುತ್ತಿದ್ದ. ಗಟ್ಟಿಯಾಗಿ.

ಅಳುತ್ತಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ನನ್ನನ್ನು ನೋಡಿ ಎಲೆಗಳನ್ನು ಎದೆಯ ಮೇಲಿಟ್ಟುಕೊಂಡ. ಮುದುಕರು ಎದ್ದು ಹೋದರು.

"ಮನೆಗೆ ಯಾವತ್ತು?" ಅಂದೆ.

"ಇನ್ಮೇಲೆ ಇಲ್ಲೇ ಕಣಮ್ಮ."

"ಅಣ್ಣ ತಲೆ ಕೆಡಿಸಿದ್ನಾ?"

"ಅವನು ಬೇಡ ಅಂತಲೇ ಹಟ ಹಿಡಿದಿದ್ದ. ನಾನೇ ಒಪ್ಪಿಸಿದ್ದು. ಪುಟ್ಟಿಗೆ ಹೇಳ್ಬೇಡ ಅಂತ ಮಾತು ತಗೊಂಡೆ."

"ಯಾಕೆ?"

"ಹೇಳಿದ್ರೆ ನೀನು ಗೋಡೆ ಕೊಯ್ತಿದ್ಯಾ?"

ಮುದುಕರು ಬಿಟ್ಟುಹೋದ ಕುರ್ಚಿಯಲ್ಲಿ ಕೂತು ಕೇಳಿದೆ — "ನಾನು ಏನು ಕಮ್ಮಿ ಮಾಡಿದ್ದೆ ಅಪ್ಪ?"

ಕಿಟಕಿಯ ಕಡೆ ನೋಡುತ್ತಾ ಹೇಳಿದ. "ಕಮ್ಮಿ ಏನೂ ಇಲ್ಲ. ಮಗಳ ಕೈಲಿ ಮೈ ತೊಳೆಸ್ಕೊಳ್ಳೋಕೆ ಇನ್ನು ನನ್ನ ಕೈಲಾಗಲ್ಲ. ಬೆಳಿಗ್ಗೆ ನೀನು ಬಕೆಟ್ ಇಡೋ ಸದ್ದಿಗೆ ಕಣ್ಣು ಮುಚ್ಕೋತಿದ್ದೆ. ನೀನು ನಿದ್ದೆ ಅಂದ್ಕೋತಿದ್ದೆ. ಇಲ್ಲಿ ಯಾರೋ ಬರ್ತಾನೆ, ತೊಳೀತಾನೆ, ಹೋಗ್ತಾನೆ. ಅವನ ಮುಖ ನಾನು ಮತ್ತೆ ನೋಡ್ಬೇಕಾಗಿಲ್ಲ."

ಎದ್ದು ಬಂದೆ. ಬರ್ತೀನಿ ಅಂತಲೂ ಹೇಳಲಿಲ್ಲ. ಹಿಂದಿನಿಂದ ಪುಟ್ಟೀ ಅಂದ. ತಿರುಗಲಿಲ್ಲ.

ಮಾರ್ಚ್ 30

ಗ್ರೈಂಡರ್ ಇಡೀ ದಿನ ಒಂದೇ ಸಮ ಓಡಿಸಿದೆ. ಪೇಂಟರ್ ಬಂದು ಬಾಗಿಲಲ್ಲಿ ನಿಂತ. ಏನೋ ತಮಾಷೆ ಮಾಡಲು ಬಂದವನು, ಮುಖ ನೋಡಿ ವಾಪಸ್ ಹೋದ.

ಏಪ್ರಿಲ್ 2

ಅಣ್ಣನ ಫೋನು. ಎತ್ತಲಿಲ್ಲ. ಮತ್ತೆ. ಎತ್ತಲಿಲ್ಲ.

ಬೆಳಿಗ್ಗೆ ಎದ್ದು ಬಕೆಟ್ ತುಂಬಿಸಿದ್ದೆ. ತುಂಬಿಸಿದ ಮೇಲೆ ನೆನಪಾಯಿತು. ಗಿಡಕ್ಕೆ ಸುರಿದೆ.

ನನಗೇ ಗೊತ್ತಾಗಬೇಕಿತ್ತು ಅಂತ ಒಮ್ಮೆ ಅನಿಸುತ್ತದೆ. ಮರುಕ್ಷಣ ಮೈ ಉರಿಯುತ್ತದೆ. ಹೇಗೆ ಗೊತ್ತಾಗುತ್ತೆ? ಕಣ್ಣು ಮುಚ್ಚಿದವನ ಮನಸ್ಸು ಓದೋಕೆ ನಾನೇನು ಕಣಿ ಹೇಳೋಳಾ? ಬಾಯಿತ್ತಲ್ಲ ಅವನಿಗೆ. ಗೋಡೆ ಕೊಯ್ಯಲು ಹೇಳುವ ಬಾಯಿಗೆ ಇದು ಬರಲಿಲ್ಲವೇ?

ಏಪ್ರಿಲ್ 9

ಏಣಿ ಬಾಡಿಗೆಗೆ ಕೊಡುವವನು ಬಂದಿದ್ದ. ಸೇತುವೆ ಮೇಲೆ ಆ ಪಿಕಪ್ ನೋಡಿದ್ದನಂತೆ. ಅವನದೂ ಸಣ್ಣ ಗಾಡಿಯೇ. ಉದ್ದ ಏಣಿ ಒಳಗೆ ತೂರಿಸಲು ಅಂಥದೇ ಕಿಂಡಿ ಬೇಕಂತೆ.

ಆ ಕೆಲಸ ಮಾಡಲ್ಲ ಅಂದೆ.

"ಮಾಡಿದೀರಲ್ಲ?"

"ಒಂದೇ ಸಲ. ಬುದ್ಧಿ ಬಂತು."

ಏಪ್ರಿಲ್ 17

ಅಣ್ಣ ಬಂದ. ಪಿಕಪ್ ಶೆಡ್ಡಿನೊಳಗೆ ತಂದು ನಿಲ್ಲಿಸಿ, ಇಳಿದು, ನೆಲ ನೋಡುತ್ತಾ ನಿಂತ.

"ಹಿಂಗೋಡೆ ಮುಚ್ಚಿಕೊಡ್ಬೇಕಿತ್ತು. ಸಿಮೆಂಟ್ ಹಾಕಿದ್ರೆ ಧೂಳೆಲ್ಲ ಕ್ಯಾಬಿನ್ನಿಗೇ. ಬ್ರೇಕ್ ಹಾಕಿದ್ರೆ ಪೈಪು ಬಂದು ಮೊಣಕೈಗೆ ಬಡೀತವೆ."

"ನಿಮ್ಮ ಕೆಲಸ ಆಯ್ತಲ್ಲ, ಇನ್ಯಾಕೆ ಅದು."

"ಹಾಗನ್ಬೇಡ. ಅಪ್ಪ ಮಾತು ತಗೊಂಡಿದ್ದ ಕಣೇ."

"ಅಪ್ಪ ಮಾತು ತಗೊಂಡ, ನೀನು ಕೊಟ್ಟೆ. ಸರಿ. ನಾನು ಆ ಹಲಗೆಗೆ ಮೂರು ಸಲ ಪಾಲಿಶ್ ಹೊಡೀತಿದ್ದಾಗ ಫೋನಲ್ಲಿ ಏನಂದೆ ನೀನು? 'ಅವಸರ ಇಲ್ಲ, ನಿಧಾನಕ್ಕೆ ಮಾಡು' ಅಂದೆ. ಒಳಗೊಳಗೇ ನಗು ಬರ್ಲಿಲ್ವಾ?"

"ನಗು?" ಅಣ್ಣ ತಲೆ ಎತ್ತಿದ. "ಅಪ್ಪನ್ನ ಅಲ್ಲಿ ಇಳಿಸಿ ಬರೋವಾಗ ರೋಡ್ ಕಾಣ್ದೆ ಗಾಡಿ ನಿಲ್ಸಿದ್ದೆ ನಾನು. ಪಕ್ಕದಲ್ಲಿ ಬರೀ ದಿಂಬು."

ಅವನೂ ಅತ್ತಿದ್ದನಂತೆ. ಅತ್ತರೆ ಆಯಿತೇ? ಬೀಗದ ಕೈ ಬೆಂಚಿನ ಮೇಲಿಡು ಅಂದೆ. ಸೋಮವಾರ ಮುಚ್ಚುತ್ತೇನೆ. ಟೀ ಬೇಕಾ ಅಂತ ಕೇಳಲಿಲ್ಲ. ಅವನು ಬೀಗದ ಕೈ ಬೆಂಚಿನ ಮೇಲಿಟ್ಟ. ಆಮೇಲೆ ಬಸ್‌ಸ್ಟಾಪ್ ಕಡೆ ನಡೆದ. ಹಿಂದಿನಿಂದ ನೋಡಿದರೆ ಅಪ್ಪನ ನಡಿಗೆಯೇ, ಬೀಳುವುದಕ್ಕೆ ಮುಂಚಿನದು.

ಏಪ್ರಿಲ್ 18

ಮುಚ್ಚುವ ತಗಡು ಕತ್ತರಿಸಿ ಇಟ್ಟೆ. ಸರಿಯಾಗಿ ಕೂರುತ್ತದೆ. ಸುಮ್ಮನೆ ನಾಲ್ಕು ಕಡೆ ವೆಲ್ಡಿಂಗಿನ ಟ್ಯಾಕ್ ಹೊಡೆದರೆ ಅರ್ಧ ದಿನದ ಕೆಲಸವೂ ಅಲ್ಲ.

ಹೊಡೆಯಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತೆ. ಆಮೇಲೆ ಕೇಂದ್ರಕ್ಕೆ ಫೋನ್ ಮಾಡಿದೆ. ಭಾನುವಾರ ಅಪ್ಪನನ್ನು ಹೊರಗೆ ಕರೆದುಕೊಂಡು ಹೋಗಬಹುದಾ ಅಂತ ಕೇಳಿದೆ. ನರ್ಸಮ್ಮ ಹೋಗಿ ಕೇಳಿ ಬಂದಳು.

"ಯಾವ ಗಾಡಿ ಅಂತ ಕೇಳ್ತಿದಾರೆ."

"ಅದೇ ಗಾಡಿ ಅನ್ನಿ."

ಮತ್ತೆ ಹೋದಳು. ಮತ್ತೆ ಬಂದಳು. "ತೊಳೆಯೋದು ಬಳಿಯೋದು ಏನೂ ಇಲ್ಲ ಅಂದ್ರೆ ಬರ್ತಾರಂತೆ."

ಎಂಥಾ ಮುದುಕ!

ಏಪ್ರಿಲ್ 20, ಭಾನುವಾರ

ಕೇಂದ್ರದ ಗೇಟಿನ ಒಳಗೆ ಗಾಡಿ ನಿಲ್ಲಿಸಿದ್ದೇನೆ. ಹಿಂದಿನ ಬಾಗಿಲು ಇಳಿಸಿ, ಬೆಲ್ಟು ಬಿಚ್ಚಿಟ್ಟು ಆಗಿದೆ. ಅಪ್ಪನನ್ನು ಕರೆತರಲು ಇಬ್ಬರು ಸ್ಟ್ರೆಚರ್ ತಳ್ಳಿಕೊಂಡು ಒಳಗೆ ಹೋದರು. ಸ್ಟಿಯರಿಂಗಿನ ಮೇಲಿಟ್ಟು ಬರೆಯುತ್ತಿದ್ದೇನೆ.

ಕ್ಷಮಿಸಿ ಬಂದಿಲ್ಲ. ಅದು ಅಪ್ಪನಿಗೆ ಗೊತ್ತಾಗಲಿ. ನಾಳೆ ಈ ಗೋಡೆ ಮುಚ್ಚಿಹೋಗುತ್ತದೆ. ಆಮೇಲೆ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು, ಇಸ್ಪೀಟಿನ ಮುದುಕರ ಎದುರಿಗೆ, ಆಡುವ ಮಾತಲ್ಲ ಇದು. ಊರು ದಾಟಲಿ. ರಸ್ತೆ ಖಾಲಿಯಾಗಲಿ. ಮಲಗಿರುತ್ತಾನೆ, ಬೆಲ್ಟು ಹಾಕಿರುತ್ತೇನೆ, ಎದ್ದು ಹೋಗಲಾರ. ನಾನೂ ಓಡಿಸುತ್ತಿರುತ್ತೇನೆ, ಎದ್ದು ಬರಲಾರೆ. ಕಣ್ಣು ಬೇಕಾದರೆ ಮುಚ್ಚಿಕೊಳ್ಳಲಿ, ಈ ಸಲ ನಿದ್ದೆ ಅಂದುಕೊಳ್ಳುವುದಿಲ್ಲ.

ಮೊದಲನೆಯ ಮಾತು — ನನಗೆ ಹೇಳಬಹುದಿತ್ತು. ಬೈಯುತ್ತಿದ್ದೆ, ಅಳುತ್ತಿದ್ದೆ, ನಾಲ್ಕು ದಿನ ಮಾತು ಬಿಡುತ್ತಿದ್ದೆ. ಆಮೇಲೆ ಕೊಯ್ಯುತ್ತಿದ್ದೆ. ಅಷ್ಟು ನಂಬಿಕೆ ಇಡಬಹುದಿತ್ತು.

ಎರಡನೆಯದು —

ಅಪ್ಪನನ್ನು ಕರೆತಂದರು.