ಮೇಜಿಗೆ ಕುಕ್ಕಿದ ಮೀನುಂಡೆ

ಬುಕಿತ್ ಮರ್ತಾಜಮ್, ಮಂಗಳವಾರ

ಅಪ್ಪಾ,

ನಿಮ್ಮ ಗೂಢಚಾರಿಣಿ ಸಿಕ್ಕಿಬಿದ್ದಿದ್ದಾಳೆ. ಗಿರಾಕಿಯ ಹಾಗೆ ಚಿಕ್ಕಪ್ಪನ ಅಂಗಡಿಗೆ ಹೋಗಿ ಮೀನುಂಡೆಯ ನೂಡಲ್ಸು, ಮೀನಿನ ಕಡುಬು ತರಿಸಿಕೊಂಡೆ. ಹನ್ನೊಂದು ವರ್ಷದಿಂದ ನಮ್ಮ ಮುಖ ನೋಡದವರು, ನನ್ನ ಗುರುತು ಹಿಡಿಯಲಿಲ್ಲ. ಕಡುಬಿನ ಹೊದಿಕೆ ಕೂಡ ಬರೀ ಮೀನೇ, ನಾಲಿಗೆಗೆ ಹಿಟ್ಟಿನ ಸುಳಿವಿಲ್ಲ. ಆದರೂ "ಅವನು ಹಿಟ್ಟು ಬೆರೆಸಿಯೇ ಬೆರೆಸ್ತಾನೆ" ಎಂದು ನೀವು ಹೇಳಿ ಕಳಿಸಿದ್ದಿರಲ್ಲ, ಮನೆಯಲ್ಲಿ ಮಾಡುವಂತೆಯೇ ಒಂದು ಉಂಡೆಯನ್ನು ಮೇಜಿಗೆ ಕುಕ್ಕಿ ನೋಡಿದೆ. ಹಿಟ್ಟಿದ್ದರೆ ಅಲ್ಲೇ ಕೂರಬೇಕಿತ್ತು. ಇದು ಚೆಂಡಿನಂತೆ ಪುಟಿದು ಎದುರಿಗೆ ಕೂತಿದ್ದ ಮುದುಕರ ಕಾಫಿಯೊಳಗೆ ಬಿತ್ತು.

"ಹಲ್ಲಿಲ್ಲ ಅಂತ ಬರೀ ಕಾಫಿ ಕುಡೀತಿದ್ದೆ, ಅದಕ್ಕೂ ಉಂಡೆ ಹಾಕ್ತೀಯಲ್ಲಮ್ಮಾ!" ಎಂದರು ಅವರು.

ಒಲೆಯ ಮುಂದಿದ್ದ ಚಿಕ್ಕಪ್ಪ ಸೌಟು ಹಿಡಿದುಕೊಂಡೇ ಓಡಿ ಬಂದರು. "ಉಂಡೆ ಕುಕ್ಕಿ ನೋಡೋ ರೋಗ ನಮ್ಮ ಮನೆಯೋರಿಗೆ ಮಾತ್ರ ಇರೋದು. ನೀನು ಗೆಕ್ ಚೂ ಅಲ್ವೇನೇ? ನಮ್ಮಣ್ಣ ಕಳಿಸಿದ್ನಾ?"

ನಾನು ಬಾಯಿ ಬಿಡುವ ಮೊದಲೇ ಇನ್ನೊಂದು ಬಟ್ಟಲು ಬಂತು. ಅಂದಿನಿಂದ ಅವರ ಮನೆಯಲ್ಲೇ ಇದ್ದೇನೆ. ಆರೋಗ್ಯ ಚೆನ್ನಾಗಿದೆ, ಲಂಗದ ಗುಂಡಿ ಮಾತ್ರ ಹಾಕಲಾಗುತ್ತಿಲ್ಲ.

ಈ ಕಾರ್ಡನ್ನು ತಾವೇ ಅಂಚೆಗೆ ಹಾಕುತ್ತೇನೆಂದು ಚಿಕ್ಕಪ್ಪ ಕೈ ಚಾಚಿದರು, ನಾನು ಕೊಡಲಿಲ್ಲ. ನಿಮ್ಮ ಉಂಡೆ ಎಷ್ಟೆತ್ತರ ಪುಟಿಯುತ್ತದೋ ಅವರೂ ಕುಕ್ಕಿ ನೋಡಬೇಕಂತೆ. ಮುಂದಿನ ಶನಿವಾರದ ರೈಲಿಗೆ ನನ್ನ ಜೊತೆಯಲ್ಲೇ ಬರುತ್ತಿದ್ದಾರೆ. ಅಷ್ಟರೊಳಗೆ ನಮ್ಮ ಹಿಟ್ಟಿನ ಡಬ್ಬ ಎಲ್ಲಾದರೂ ಅಡಗಿಸಿಡಿ.

ಅವಸರದಲ್ಲಿ,
ಗೆಕ್ ಚೂ